ಹೊಸ ಗೇಮ್ ಮುಗಿಸಿ ಹಳೆಯದಕ್ಕೆ ವಾಪಸ್ ಹೋಗಿ ನೋಡಿ

(ಒಂದು ಸಂಜೆ ಮಾಡಿದ ಉಪನ್ಯಾಸವನ್ನು ಅಲ್ಲಲ್ಲಿ ತಿದ್ದಿ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವೂ ಇವೆ.)

ಎಲ್ಲರಿಗೂ ನಮಸ್ಕಾರ.

2025ರ ಸೆಪ್ಟೆಂಬರ್ 4ರಂದು ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬಿಡುಗಡೆಯಾಯಿತು. ಆ ಹೊತ್ತಿಗೆ ಸರಿಯಾಗಿ ಸ್ಟೀಮ್ ಸೇರಿ ದೊಡ್ಡ ದೊಡ್ಡ ಆನ್‌ಲೈನ್ ಗೇಮ್ ಅಂಗಡಿಗಳೆಲ್ಲ ಕೈಕೊಟ್ಟವು. ಅಷ್ಟು ಜನ ಒಟ್ಟಿಗೆ ನುಗ್ಗಿದ್ದರು. ಮೊದಲ ದಿನವೇ ಸ್ಟೀಮ್ ಒಂದರಲ್ಲೇ ಏಕಕಾಲಕ್ಕೆ 5 ಲಕ್ಷಕ್ಕೂ ಜಾಸ್ತಿ ಜನ ಅದನ್ನು ಆಡುತ್ತಿದ್ದರು. ಮಾಡಿದ್ದು ಯಾವ ದೈತ್ಯ ಕಂಪನಿಯೂ ಅಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಟೀಮ್ ಚೆರ್ರಿ ಅನ್ನೋ ಬೆರಳೆಣಿಕೆಯ ಜನರ ತಂಡ.

ಗೇಮ್ ಬಂದು ಒಂದು ದಿನ ಕಳೆಯುವುದರೊಳಗೆ ಜಗಳ ಶುರುವಾಗಿತ್ತು. ಇದು ಹಳೇ ‘ಹಾಲೋ ನೈಟ್’ ಅನ್ನು ಮೀರಿಸಿದೆಯಾ, ಇಲ್ವಾ? ಕಷ್ಟ ಜಾಸ್ತಿ ಆಯ್ತು ಅನ್ನೋರು ಒಂದು ಕಡೆ. ನಿಮಗೆ ಆಡೋಕೆ ಬರಲ್ಲ ಅನ್ನೋರು ಇನ್ನೊಂದು ಕಡೆ. ಎರಡೂ ಕಡೆಯವರು ಅಷ್ಟರಲ್ಲಿ ಗೇಮಿನ ಕಾಲು ಭಾಗವನ್ನೂ ನೋಡಿರಲಿಲ್ಲ ಅನ್ನೋದು ಬೇರೆ ಮಾತು.

ನಾನಿವತ್ತು ಮಾತಾಡಬೇಕು ಅಂತ ಬಂದಿರೋದು ಈ ಜಗಳದ ಬಗ್ಗೆ. ವರ್ಷಗಟ್ಟಲೆ ಕಾದ ಗೇಮ್ ಬಂದಾಗಲೆಲ್ಲ ಇದು ನಡೆಯುತ್ತದೆ. ನನಗೆ ಜಗಳ ಇಷ್ಟ. ಸುಮ್ನೆ ಬೈದಾಡೋದಲ್ಲ, ಗೇಮನ್ನು ಬಿಚ್ಚಿಟ್ಟುಕೊಂಡು ಜಗಳ ಆಡೋದು. ಆದರೆ ಹೆಚ್ಚಿನ ಸಲ ನಾವು ಹೋಲಿಸುವುದು ಎರಡು ಗೇಮ್‌ಗಳನ್ನಲ್ಲ. ಒಂದು ಕಡೆ ಏಳೆಂಟು ವರ್ಷ ಆಡಿ ಆಡಿ ಕೈಗೆ ಹತ್ತಿದ ಗೇಮ್. ಇನ್ನೊಂದು ಕಡೆ ಮೊನ್ನೆ ಮೊನ್ನೆ ಶುರು ಮಾಡಿದ ಗೇಮ್. ಹಾಗಾಗಿ ಒಂದು ಪರೀಕ್ಷೆ ಹೇಳುತ್ತೇನೆ. ಹೊಸದನ್ನು ಪೂರ್ತಿ ಮುಗಿಸಿ. ಆಮೇಲೆ ಹಳೆಯದನ್ನು ಮೊದಲಿನಿಂದ ಶುರು ಮಾಡಿ. ನಿಮ್ಮ ಬೆರಳು ಏನನ್ನು ಹುಡುಕುತ್ತದೆ, ಏನನ್ನು ಕಂಡು ಹಾಯೆನಿಸುತ್ತದೆ ಅಂತ ನೋಡಿ. ಹೊಸದು ನಿಜಕ್ಕೂ ಎಲ್ಲಿ ಮುಂದೆ ಹೋಗಿದೆ, ಎಲ್ಲಿ ಇಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ.

ಸಿಲ್ಕ್‌ಸಾಂಗ್‌ನಿಂದಲೇ ಶುರು ಮಾಡೋಣ. ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 2014ರಲ್ಲಿ ಜನರಿಂದ ದುಡ್ಡು ಸಂಗ್ರಹಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಎತ್ತಿ ಮೊದಲ ಗೇಮನ್ನು ಮಾಡಿದರು. ಅದು ಬಂದದ್ದು 2017ರ ಫೆಬ್ರವರಿಯಲ್ಲಿ. ದುಡ್ಡು ಕೊಟ್ಟವರಿಗೆ ಒಂದು ಮಾತು ಕೊಟ್ಟಿದ್ದರು: ಹಾರ್ನೆಟ್ ಅನ್ನೋ ಪಾತ್ರವನ್ನೂ ಮುಂದೆ ಆಡಲು ಕೊಡುತ್ತೇವೆ ಅಂತ. ಆ ಸಣ್ಣ ಸೇರ್ಪಡೆ ಬೆಳೆದೂ ಬೆಳೆದೂ ತಾನೇ ಒಂದು ಗೇಮ್ ಆಯಿತು. 2019ರ ಫೆಬ್ರವರಿಯಲ್ಲಿ ಘೋಷಿಸಿದರು. ಆಮೇಲೆ ಆರೂವರೆ ವರ್ಷ, ಕಾಯುವುದೇ ಅಭಿಮಾನಿಗಳ ಕೆಲಸ. ಕೊನೆಗೆ ತಾರೀಖು ಹೇಳಿದ್ದು ಬಿಡುಗಡೆಗೆ ಎರಡೇ ವಾರ ಮುಂಚೆ. ಅದನ್ನು ಕೇಳಿ ಎಷ್ಟೋ ಸಣ್ಣ ತಂಡಗಳು ತಮ್ಮ ಗೇಮ್‌ಗಳ ತಾರೀಖನ್ನೇ ಮುಂದಕ್ಕೆ ಹಾಕಿಕೊಂಡವು. ಇದರ ಎದುರು ನಿಲ್ಲೋದು ಯಾರಿಗೆ ಬೇಕು ಹೇಳಿ?

ಈಗ ‘ಕಷ್ಟ ಜಾಸ್ತಿ’ ಅನ್ನೋ ದೂರನ್ನು ಹತ್ತಿರದಿಂದ ನೋಡೋಣ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ತಾಳ್ಮೆಯಿಂದ ಕೇಳಿ. ನನಗೆ ಇಡೀ ಚರ್ಚೆಯಲ್ಲಿ ತುಂಬಾ ಹಿಡಿಸಿದ ವಿಷಯ ಇದೇ.

ಹಳೇ ಗೇಮಿನಲ್ಲಿ ನಾವು ಆಡಿಸುವ ಪಾತ್ರ ನೈಟ್ ಶುರುವಿನಲ್ಲಿ ಐದು ಮಾಸ್ಕ್ ಇಟ್ಟುಕೊಂಡು ಹೊರಡುತ್ತಾನೆ. ಮಾಸ್ಕ್ ಅಂದರೆ ಜೀವ. ಶತ್ರುವಿಗೆ ಒಂದು ಏಟು ಕೊಟ್ಟರೆ 11 ಸೋಲ್ ಸಿಗುತ್ತದೆ. ಸೋಲ್ ಅಂದರೆ ಗಾಯ ವಾಸಿಮಾಡಿಕೊಳ್ಳುವ ಶಕ್ತಿ. 33 ಸೋಲ್ ಖರ್ಚು ಮಾಡಿದರೆ ಒಂದು ಮಾಸ್ಕ್ ವಾಪಸ್. ಅಂದರೆ ಮೂರು ಏಟಿಗೆ ಒಂದು ಜೀವ. ಪಾತ್ರೆ ತುಂಬಿದರೆ 99. ಒಂಬತ್ತು ಏಟಿಗೆ ತುಂಬುತ್ತದೆ, ಮೂರು ಜೀವ ಕೊಡುತ್ತದೆ.

ಹೊಸದರಲ್ಲಿ ಹಾರ್ನೆಟ್‌ಗೂ ಶುರುವಿಗೆ ಐದೇ ಮಾಸ್ಕ್. ಒಂದು ಏಟಿಗೆ ಒಂದು ಎಳೆ ಸಿಲ್ಕ್. ಒಂಬತ್ತು ಎಳೆ ಸೇರಿದರೆ ಒಂದು ಸಲ ಗಾಯ ಕಟ್ಟಿಕೊಳ್ಳಬಹುದು. ಕಟ್ಟಿಕೊಂಡರೆ ಮೂರು ಮಾಸ್ಕ್ ವಾಪಸ್.

ಗಮನಿಸಿದಿರಾ? ಒಂಬತ್ತು ಏಟು, ಮೂರು ಜೀವ. ಎರಡರಲ್ಲೂ ಲೆಕ್ಕ ಒಂದೇ! ಟೀಮ್ ಚೆರ್ರಿಯವರು ಬೆಲೆ ಏರಿಸಿಲ್ಲ. ಬದಲಾಗಿರುವುದು ಒಂದೇ. ಹಳೆಯದರಲ್ಲಿ ನಿಮ್ಮ ಜೇಬಿನಲ್ಲಿ ಮೂರು ಚಿಲ್ಲರೆ ನೋಟು ಇದ್ದವು, ಬೇಕಾದಾಗ ಒಂದೊಂದೇ ತೆಗೆದು ಖರ್ಚು ಮಾಡಬಹುದಿತ್ತು. ಹೊಸದರಲ್ಲಿ ಒಂದೇ ದೊಡ್ಡ ನೋಟು. ಚಿಲ್ಲರೆ ಮಾಡಿಕೊಡೋರು ಯಾರೂ ಇಲ್ಲ.

ಇಷ್ಟರಿಂದಲೇ ಆಟದ ಲಯ ಬದಲಾಗಿಬಿಡುತ್ತದೆ. ಹಳೆಯದರಲ್ಲಿ ಬಾಸ್, ಅಂದರೆ ದೊಡ್ಡ ಶತ್ರು, ಎರಡು ಹೊಡೆತದ ನಡುವೆ ಉಸಿರು ತೆಗೆದುಕೊಂಡಾಗ, ನೀವು ಮೂಲೆಯಲ್ಲಿ ನಿಂತು ಒಂದು ಮಾಸ್ಕ್ ತುಂಬಿಸಿಕೊಳ್ಳುತ್ತಿದ್ದಿರಿ. ನಿಲ್ಲಬೇಕಿತ್ತು, ಬಟನ್ ಒತ್ತಿ ಹಿಡಿಯಬೇಕಿತ್ತು. ಹೊಸದರಲ್ಲಿ ಗಾಳಿಯಲ್ಲೇ ಗಾಯ ಕಟ್ಟಿಕೊಳ್ಳಬಹುದು, ಅದೂ ಬೇಗ ಮುಗಿಯುತ್ತದೆ. ಆದರೆ ಎಂಟು ಎಳೆ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ಒಂಬತ್ತನೆಯ ಏಟಿಗಾಗಿ ಬಾಸ್‌ನ ಮೈಮೇಲೆ ಹೋಗಲೇಬೇಕು. ಅದೇ ಸಿಲ್ಕ್ ವಿಶೇಷ ಹೊಡೆತಗಳಿಗೂ ಬೇಕು. ಈ ಗೇಮ್ ನಿಮ್ಮನ್ನು ಮೂಲೆಯಿಂದ ಹೊರಗೆಳೆಯುತ್ತದೆ. ಹೋರಾಟದ ವಿನ್ಯಾಸ ಅಂತ ನೋಡಿದರೆ ಇದು ಹಳೆಯದಕ್ಕಿಂತ ಒಳ್ಳೆಯದು. ಈ ಒಂದು ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಹಾಗಾದರೆ ದೂರು ಎಲ್ಲಿಂದ ಬಂತು? ಪೆಟ್ಟಿನ ಲೆಕ್ಕದಿಂದ. ಹಳೆಯದರಲ್ಲಿ ಮೊದಲರ್ಧದಲ್ಲಿ ಹೆಚ್ಚಿನವು ಒಂದು ಮಾಸ್ಕ್‌ನ ಪೆಟ್ಟು. ಹೊಸದರಲ್ಲಿ ಎಷ್ಟೋ ಬಾಸ್‌ಗಳು, ಶುರುವಿನಿಂದಲೇ, ಒಂದು ಪೆಟ್ಟಿಗೆ ಎರಡು ಮಾಸ್ಕ್ ಕಿತ್ತುಕೊಳ್ಳುತ್ತವೆ. ಐದು ಮಾಸ್ಕ್ ಇದ್ದರೆ ಮೂರು ಪೆಟ್ಟಿಗೆ ಕಥೆ ಮುಗಿಯಿತು. ಇನ್ನೂ ಒಂದು ತಮಾಷೆ ನೋಡಿ. ಒಂದು ಪೆಟ್ಟು ತಿಂದ ತಕ್ಷಣ ಕಟ್ಟಿಕೊಂಡರೆ ಹೋಗಿರೋದು ಎರಡು, ಬರೋದು ಮೂರು. ಒಂದು ದಂಡ. ಎರಡು ಪೆಟ್ಟು ತಿಂದ ಮೇಲೆ ಕಟ್ಟಿಕೊಂಡರೆ ಹೋಗಿರೋದು ನಾಲ್ಕು, ಬರೋದು ಮೂರು. ನಾಲ್ಕಕ್ಕೆ ಬಂದು ನಿಲ್ಲುತ್ತೀರಿ. ಅದು ಮತ್ತೆ ಎರಡೇ ಪೆಟ್ಟಿಗೆ ಸಾಲುತ್ತದೆ. ಬೆಸ ಸಂಖ್ಯೆಯ ಜೀವ, ಸಮ ಸಂಖ್ಯೆಯ ಪೆಟ್ಟು. ನಿಮಗೆ ಯಾವಾಗಲೂ ಏನೋ ಒಂದು ಕಡಿಮೆ ಬಿದ್ದಂತೆ ಅನ್ನಿಸೋದು ಇದಕ್ಕೇ. ಮುಂದೆ ಮಾಸ್ಕ್ ಜಾಸ್ತಿಯಾದ ಮೇಲೆ ಈ ಬಿಗಿ ಸಡಿಲವಾಗುತ್ತದೆ. ಆದರೆ ಮೊದಲ ಮೂರನೇ ಒಂದು ಭಾಗ ಜಿಪುಣತನದ್ದು ಅನ್ನೋರ ಮಾತಿನಲ್ಲಿ ಸತ್ಯ ಇದೆ. ತಂಡಕ್ಕೂ ಅದು ಗೊತ್ತಾಯಿತು. ಬಿಡುಗಡೆಯಾದ ಮೇಲೆ ಗೇಮಿಗೆ ಕಳಿಸುವ ತಿದ್ದುಪಡಿಗೆ ಪ್ಯಾಚ್ ಅನ್ನುತ್ತಾರೆ. ಮೊದಲ ಪ್ಯಾಚ್‌ನಲ್ಲೇ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಅನ್ನೋ ಎರಡು ಬಾಸ್‌ಗಳನ್ನು ಸ್ವಲ್ಪ ಮೆತ್ತಗೆ ಮಾಡಿದರು. ಕಾಸು ಕೊಟ್ಟು ಕೂರಬೇಕಾದ ಕೆಲವು ಬೆಂಚುಗಳ ದರವನ್ನೂ ಇಳಿಸಿದರು. ಬೆಂಚು ಅಂದರೆ ಸತ್ತರೆ ಮತ್ತೆ ಶುರುವಾಗುವ ಜಾಗ. ಹೌದು, ಈ ಗೇಮಿನಲ್ಲಿ ಕೆಲವು ಕಡೆ ಬೆಂಚಿನ ಮೇಲೆ ಕೂರೋಕೂ ಕಾಸು ಕೊಡಬೇಕು! ಅಭಿಮಾನಿಗಳಿಗೆ ಬಾಸ್‌ಗಿಂತ ಹೆಚ್ಚು ಉರಿದದ್ದು ಇದಕ್ಕೆ.

ಇನ್ನೊಂದು ದೂರು, ಕೆಳಕ್ಕೆ ಹೊಡೆಯೋದು. ನೈಟ್ ನೆಟ್ಟಗೆ ಕೆಳಕ್ಕೆ ಹೊಡೆದು ಪುಟಿಯುತ್ತಾನೆ. ಹಾರ್ನೆಟ್ ಶುರುವಿನಲ್ಲಿ ಓರೆಯಾಗಿ ಎರಗುತ್ತಾಳೆ. ಹಳೇ ಆಟಗಾರರ ಕೈಗೆ ಇದು ಮೊದಲ ವಾರ ಒಗ್ಗಲೇ ಇಲ್ಲ. ಆದರೆ ಗೇಮಿನ ಒಳಗೇ ವಾಂಡರರ್ ಅನ್ನೋ ಕ್ರೆಸ್ಟ್ ಸಿಗುತ್ತದೆ. ಕ್ರೆಸ್ಟ್ ಅಂದರೆ ಹೊಡೆಯುವ ಶೈಲಿಯನ್ನೇ ಬದಲಿಸುವ ಚಿಹ್ನೆ ಅಂದುಕೊಳ್ಳಿ. ಅದನ್ನು ಹಾಕಿಕೊಂಡರೆ ನೆಟ್ಟಗೆ ಕೆಳಕ್ಕೆ ಹೊಡೆಯಬಹುದು, ಏಟುಗಳೂ ಗಿಡ್ಡ, ಚುರುಕು. ಹೆಚ್ಚುಕಡಿಮೆ ನೈಟ್‌ನ ಕೈಯೇ. ಅಂದರೆ ಹಳೇ ಗೇಮನ್ನು ಹೊಸದರೊಳಗೆ ಒಂದು ಆಯ್ಕೆಯಾಗಿ ಮಡಚಿ ಇಟ್ಟಿದ್ದಾರೆ. ‘ನಿಮಗೆ ಹಳೆಯದೇ ಬೇಕಾ? ತಗೊಳ್ಳಿ, ಆದರೆ ಉಳಿದವನ್ನೂ ಒಮ್ಮೆ ಹಾಕಿ ನೋಡಿ’ ಅಂದ ಹಾಗೆ. ಅಭಿಮಾನಿಗಳ ಜಗಳಕ್ಕೆ ಗೇಮ್ ಮಾಡುವವರು ಇಷ್ಟು ಜಾಣತನದಿಂದ ಉತ್ತರ ಕೊಟ್ಟಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ಪರೀಕ್ಷೆಗೆ ಬನ್ನಿ. ಸಿಲ್ಕ್‌ಸಾಂಗ್ ಮುಗಿಸಿ ಹಳೇ ‘ಹಾಲೋ ನೈಟ್’ ಹೊಸದಾಗಿ ಶುರು ಮಾಡಿದೆ. ಮೊದಲ ಹತ್ತು ನಿಮಿಷ ಹಿಂಸೆ. ಹಾರ್ನೆಟ್ ಅಂಚು ಸಿಕ್ಕರೆ ಕೈಯೂರಿ ಮೇಲೆ ಹತ್ತುತ್ತಾಳೆ. ನೈಟ್ ಅಂಚಿಗೆ ಡಿಕ್ಕಿ ಹೊಡೆದು ಬೀಳುತ್ತಾನೆ. ಓಟ ಇಲ್ಲ. ಡ್ಯಾಶ್, ಅಂದರೆ ಸರ್ರನೆ ಮುನ್ನುಗ್ಗುವ ಶಕ್ತಿ, ಬೇಕೆಂದರೆ ಗ್ರೀನ್‌ಪಾತ್ ತನಕ ಹೋಗಿ ಒಂದು ಬಾಸ್ ಸೋಲಿಸಬೇಕು. ಆ ಬಾಸ್ ಯಾರು? ಹಾರ್ನೆಟ್ಟೇ! ಅವಳಾಗಿ ಅಷ್ಟೆಲ್ಲ ಓಡಾಡಿ ಬಂದು, ಅವಳೆದುರೇ ಕುಂಟುತ್ತಾ ನಿಂತಿರುತ್ತೀರಿ.

ಆದರೆ ಒಂದೆರಡು ಗಂಟೆ ಕಳೆದ ಮೇಲೆ ಬೇರೇನೋ ಆಗುತ್ತದೆ. ನೈಟ್ ಮಾತಾಡಲ್ಲ. ಯಾರೂ ಅವನಿಗೆ ಇಂಥದ್ದು ಮಾಡು ಅಂತ ಪಟ್ಟಿ ಕೊಡಲ್ಲ. ಹಾರ್ನೆಟ್‌ಗೆ ಊರಿನವರು ಕೋರಿಕೆಗಳನ್ನು ಹಲಗೆಯ ಮೇಲೆ ಅಂಟಿಸಿಟ್ಟಿರುತ್ತಾರೆ, ಅವಳು ತೀರಿಸುತ್ತಾ ಹೋಗುತ್ತಾಳೆ. ನೈಟ್‌ಗೆ ಅದಿಲ್ಲ. ನಕ್ಷೆ ಬೇಕೆಂದರೆ ಅದನ್ನು ಮಾರುವ ಕಾರ್ನಿಫರ್ ಗುನುಗುವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟು ಹೋಗಬೇಕು, ಅವನು ಬಿಟ್ಟುಹೋದ ಕಾಗದದ ಚೂರುಗಳನ್ನು ನೋಡಿಕೊಂಡು ಹೋಗಬೇಕು. ಆ ದಾರಿ ತಪ್ಪುವ ಸುಖ ಹೊಸದರಲ್ಲಿ ಕಡಿಮೆ. ನನ್ನ ತೀರ್ಪು ಇಷ್ಟು: ಹೊಡೆದಾಟದಲ್ಲಿ ಸಿಲ್ಕ್‌ಸಾಂಗ್ ಮೀರಿಸಿದೆ, ಅಲೆದಾಟದಲ್ಲಿ ಮೀರಿಸಿಲ್ಲ. ಒಪ್ಪದವರು ಆಮೇಲೆ ಬಂದು ಜಗಳ ಆಡಿ.

ಇಲ್ಲಿ ಇನ್ನೊಂದು ಮಾತು. ನಾವು ‘ಹಳೇ ಹಾಲೋ ನೈಟ್’ ಅಂತ ಯಾವುದನ್ನು ಹೇಳುತ್ತಿದ್ದೇವೆ? 2017ರ ಫೆಬ್ರವರಿಯಲ್ಲಿ ಬಂದದ್ದನ್ನಾ? ಅಲ್ಲ. ಆಮೇಲೆ 2018ರ ಆಗಸ್ಟ್ ತನಕ ನಾಲ್ಕು ಸೇರ್ಪಡೆಗಳು ಪುಕ್ಕಟೆಯಾಗಿ ಬಂದವು. ಗ್ರಿಮ್ ಅನ್ನೋ ಬಾಸ್ ಬಂದ, ಗಾಡ್‌ಮಾಸ್ಟರ್ ಬಂತು. ಅಭಿಮಾನಿಗಳು ಹಾಡಿ ಹೊಗಳುವ ಎಷ್ಟೋ ಬಾಸ್‌ಗಳು ಮೊದಲ ದಿನದ ಗೇಮಿನಲ್ಲಿ ಇರಲೇ ಇಲ್ಲ. ಸೋಲ್ ಮಾಸ್ಟರ್ ಅನ್ನೋ ಬಾಸ್ ಹತ್ತಿರ ಸತ್ತರೆ ಎಷ್ಟು ದೂರ ವಾಪಸ್ ಓಡಬೇಕಿತ್ತು ಅನ್ನೋದೂ ನಮಗೆ ಮರೆತುಹೋಗಿದೆ. ಸಿಲ್ಕ್‌ಸಾಂಗ್‌ನ ಲಾಸ್ಟ್ ಜಡ್ಜ್ ಅನ್ನೋ ಬಾಸ್ ತನಕದ ಓಟವನ್ನು ಬೈಯುವಾಗ ಮಾತ್ರ ಅದು ನೆನಪಿಗೆ ಬರಲ್ಲ.

‘ಡಯಾಬ್ಲೊ’ ಸರಣಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ‘ಡಯಾಬ್ಲೊ 2’ ಬಂದದ್ದು 2000ರಲ್ಲಿ. ಮೂರನೆಯದು 2012ರ ಮೇ 15ಕ್ಕೆ. ಹನ್ನೆರಡು ವರ್ಷ. 2008ರಲ್ಲಿ ಮೊದಲ ಚಿತ್ರಗಳು ಹೊರಬಂದಾಗಲೇ ಅಭಿಮಾನಿಗಳು ಬಣ್ಣ ಜಾಸ್ತಿ ಆಯ್ತು, ಇದು ಡಯಾಬ್ಲೊ ಥರ ಇಲ್ಲ ಅಂತ ಸಹಿ ಸಂಗ್ರಹ ಮಾಡಿದ್ದರು. ಬಿಡುಗಡೆಯ ದಿನ ಒಬ್ಬರೇ ಆಡುವುದಕ್ಕೂ ಸರ್ವರ್ ಬೇಕಿತ್ತು. ಸರ್ವರ್ ತುಂಬಿಹೋಗಿ ‘ಎರರ್ 37’ ಅನ್ನೋ ಸಾಲೊಂದೇ ಜನರಿಗೆ ಕಂಡದ್ದು. ಆಮೇಲೆ ಹರಾಜು ಕಟ್ಟೆಯ ಗಲಾಟೆ. ರಾಕ್ಷಸರನ್ನು ಕೊಂದು ಒಳ್ಳೆಯ ಕತ್ತಿ ಪಡೆಯುವ ಆಟದಲ್ಲಿ, ನಿಜವಾದ ದುಡ್ಡು ಕೊಟ್ಟು ಕತ್ತಿ ಕೊಳ್ಳಬಹುದು ಅಂತಾದರೆ ರಾಕ್ಷಸರನ್ನು ಯಾಕೆ ಕೊಲ್ಲಬೇಕು? 2014ರ ಮಾರ್ಚ್‌ನಲ್ಲಿ ಅದನ್ನು ಮುಚ್ಚಿದರು. ಅದೇ ತಿಂಗಳು ‘ರೀಪರ್ ಆಫ್ ಸೋಲ್ಸ್’ ಅನ್ನೋ ವಿಸ್ತರಣೆ ಬಂತು. ಅಲ್ಲಿಂದ ಮುಂದೆ ಅದು ಬೇರೆಯೇ ಗೇಮ್. ಹಾಗಾದರೆ ಎರಡನೆಯದನ್ನು ಮೀರಿಸಿತಾ ಅಂತ ಕೇಳುವಾಗ ಯಾವ ಮೂರನೆಯದು? 2012ರದ್ದಾ, 2014ರದ್ದಾ?

ಯಾವ ಎರಡನೆಯದು ಅಂತಲೂ ಕೇಳಬೇಕು. ಜನ ಪ್ರೀತಿಸೋ ‘ಡಯಾಬ್ಲೊ 2’ರಲ್ಲಿ 2001ರ ವಿಸ್ತರಣೆ ಸೇರಿದೆ, 2003ರ 1.10 ಪ್ಯಾಚ್ ಸೇರಿದೆ. ಒಂದು ವಿದ್ಯೆಗೆ ಹಾಕಿದ ಪಾಯಿಂಟ್ ಇನ್ನೊಂದಕ್ಕೂ ಬಲ ಕೊಡುವ ವ್ಯವಸ್ಥೆ ಬಂದದ್ದೇ ಆ ಪ್ಯಾಚ್‌ನಲ್ಲಿ. ಅಂದರೆ ಮೂರು ವರ್ಷ ಮಾಗಿದ ಗೇಮ್. ಅದರೆದುರು ಮೊದಲ ವಾರದ ಹಸೀ ಗೇಮನ್ನು ನಿಲ್ಲಿಸಿದರೆ ಯಾವುದು ಗೆಲ್ಲುತ್ತದೆ ಅಂತ ಬೇರೆ ಹೇಳಬೇಕಾ?

ಅಂಕಗಳ ವಿಷಯ ಹೆಚ್ಚು ಹೇಳಲ್ಲ. 2020ರ ಜೂನ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಬಂದಾಗ, ಮುಗಿಸಲು ಇಪ್ಪತ್ತು ಗಂಟೆಗೂ ಮೇಲೆ ಹಿಡಿಯುವ ಗೇಮಿಗೆ ಕೆಲವೇ ಗಂಟೆಗಳಲ್ಲಿ ಸೊನ್ನೆಗಳೂ ಹತ್ತುಗಳೂ ಮಳೆ ಸುರಿದ ಹಾಗೆ ಸುರಿದವು. ವಿಮರ್ಶೆಯ ಅಂಕ ಒಟ್ಟುಗೂಡಿಸುವ ತಾಣ ಮೆಟಾಕ್ರಿಟಿಕ್‌ನವರು ಆಮೇಲೆ, ಗೇಮ್ ಬಂದ 36 ಗಂಟೆ ತನಕ ಬಳಕೆದಾರರು ಅಂಕ ಕೊಡುವಂತಿಲ್ಲ ಅಂತ ನಿಯಮ ಮಾಡಿದರು. 36 ಗಂಟೆ ಸಾಕಾ? ಸಾಲದು. ಇರಲಿ, ಇಲ್ಲದ್ದಕ್ಕಿಂತ ವಾಸಿ.

ಕಾಯುವಿಕೆಗೆ ಬರೋಣ. ಜಾಸ್ತಿ ಕಾದಷ್ಟೂ ಗೇಮ್ ಚೆನ್ನಾಗಿರುತ್ತದೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ಮುರಿದದ್ದು ‘ಡ್ಯೂಕ್ ನ್ಯೂಕೆಮ್ ಫಾರೆವರ್’. 1996ರಲ್ಲಿ ‘ಡ್ಯೂಕ್ ನ್ಯೂಕೆಮ್ 3ಡಿ’ ಬಂತು. ಮುಂದಿನ ವರ್ಷವೇ ಇನ್ನೊಂದನ್ನು ಘೋಷಿಸಿದರು. ಅದು ಬಂದದ್ದು 2011ರಲ್ಲಿ. ನಡುವೆ ಎಂಜಿನ್, ಅಂದರೆ ಗೇಮಿನ ತಳದ ಸಾಫ್ಟ್‌ವೇರ್, ಬದಲಾಯಿಸಿದರು. ಬೇರೆ ಯಾರೋ ಹೊಸದೊಂದು ತಂದರೆ ಇವರಿಗೂ ಅದು ಬೇಕು. 2009ರಲ್ಲಿ ತಂಡವನ್ನೇ ಮನೆಗೆ ಕಳಿಸಬೇಕಾಗಿ ಬಂತು. ಕೊನೆಗೆ ಗೇರ್‌ಬಾಕ್ಸ್ ಅನ್ನೋ ಕಂಪನಿ ಅದನ್ನು ದಡ ಮುಟ್ಟಿಸಿತು.

ಗೇಮ್ ಕೆಟ್ಟದಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಕೆಟ್ಟಿತು ಅನ್ನೋದು ನೋಡಿ, ಅಲ್ಲೇ ಸ್ವಾರಸ್ಯ ಇರೋದು. 1996ರ ಡ್ಯೂಕ್ ಸಿಕ್ಕ ಬಂದೂಕನ್ನೆಲ್ಲ ಹೊತ್ತುಕೊಂಡು ಓಡುತ್ತಿದ್ದ. ಆ ಅತಿರೇಕವೇ ಅವನ ಗುಣ. 2011ರ ಡ್ಯೂಕ್ ಕೈಯಲ್ಲಿ ಎರಡೇ ಬಂದೂಕು. ಪೆಟ್ಟು ಬಿದ್ದರೆ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ತಾನಾಗಿ ಚೇತರಿಸಿಕೊಳ್ಳುತ್ತಾನೆ. ಇವೆರಡೂ ನಡುವಿನ ಹದಿನೈದು ವರ್ಷದಲ್ಲಿ ಬೇರೆ ಶೂಟರ್‌ಗಳು ತಂದ ಫ್ಯಾಷನ್. ಅಭಿಮಾನಿಗಳು ಎಷ್ಟು ಕೂಗಾಡಿದರು ಅಂದರೆ, ಪಿಸಿಯಲ್ಲಿ ನಾಲ್ಕು ಬಂದೂಕು ಇಟ್ಟುಕೊಳ್ಳುವ ಅವಕಾಶವನ್ನು ಪ್ಯಾಚ್‌ನಲ್ಲಿ ಕೊಟ್ಟರು. ಹಳೆಯದಕ್ಕೆ ವಾಪಸ್ ಹೋಗುವ ಪರೀಕ್ಷೆಯನ್ನು ಇಲ್ಲಿ ಮಾಡಿ ನೋಡಿ. ಬೆರಳು ಹೊಸದರಿಂದ ಏನನ್ನೂ ಹುಡುಕಲ್ಲ. ಏನೂ ನೆನಪಾಗಲ್ಲ. ಪರೀಕ್ಷೆಯಲ್ಲಿ ಇಷ್ಟು ಸ್ಪಷ್ಟವಾಗಿ ಫೇಲಾಗುವ ಗೇಮ್ ಸಿಗೋದೂ ಅಪರೂಪ.

ಇದರ ಪೂರ್ತಿ ಉಲ್ಟಾ ಉದಾಹರಣೆ ನಿಂಟೆಂಡೊದ ಜೆಲ್ಡಾ ಸರಣಿ. ‘ಬ್ರೆತ್ ಆಫ್ ದ ವೈಲ್ಡ್’ 2017ರ ಮಾರ್ಚ್‌ನಲ್ಲಿ, ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ 2023ರ ಮೇನಲ್ಲಿ. ಆರು ವರ್ಷ ಕಾದವರ ಮೊದಲ ಸಿಟ್ಟು ಏನು ಗೊತ್ತಾ? ಅದೇ ನಕ್ಷೆ! ಅದೇ ಹೈರೂಲ್, ಅದೇ ಬೆಟ್ಟ, ಅದೇ ನದಿ. ಇದೊಂದು ಸೇರ್ಪಡೆಯಷ್ಟೇ ಅಲ್ವಾ, ಇದಕ್ಕೆ ಪೂರ್ತಿ ಬೆಲೆ ಯಾಕೆ ಅಂದರು. ಅಮೆರಿಕದಲ್ಲಿ 60 ಡಾಲರ್ ಇದ್ದದ್ದು 70 ಆಗಿತ್ತು ಬೇರೆ. ಆದರೂ ಮೊದಲ ಮೂರೇ ದಿನದಲ್ಲಿ ಒಂದು ಕೋಟಿಗೂ ಮೇಲೆ ಮಾರಾಟ ಆಯಿತು. ಬೈದವರೂ ಕೊಂಡಿದ್ದರು ಅಂತ ಅರ್ಥ.

ಎಣಿಕೆಯಲ್ಲಿ ನೋಡಿದರೆ ಚರ್ಚೆಯೇ ಬೇಡ. ಹಳೆಯದರಲ್ಲಿ 120 ಶ್ರೈನ್ (ಒಗಟು ಬಿಡಿಸುವ ಗುಡಿಗಳು), ಹೊಸದರಲ್ಲಿ 152. ಹಳೆಯದರಲ್ಲಿ ಅಲ್ಲಲ್ಲಿ ಅಡಗಿಸಿಟ್ಟ 900 ಕೊರಾಕ್ ಬೀಜ, ಹೊಸದರಲ್ಲಿ 1000. ಮೇಲೆ ಆಕಾಶದ ದ್ವೀಪಗಳು, ಕೆಳಗೆ ಇಡೀ ಹೈರೂಲ್‌ನಷ್ಟೇ ಅಗಲದ ಕತ್ತಲ ಲೋಕ. ಕೈಗೆ ಸಿಕ್ಕ ಯಾವುದನ್ನಾದರೂ ಯಾವುದಕ್ಕಾದರೂ ಅಂಟಿಸುವ ಅಲ್ಟ್ರಾಹ್ಯಾಂಡ್. ಆಯುಧಗಳು ಬೇಗ ಮುರಿಯುತ್ತವೆ ಅನ್ನೋದು ಹಳೆಯದರ ದೊಡ್ಡ ದೂರಾಗಿತ್ತು. ಹೊಸದರಲ್ಲೂ ಮುರಿಯುತ್ತವೆ, ಆದರೆ ಕೋಲಿನ ತುದಿಗೆ ಕಲ್ಲು ಸೇರಿಸಿ, ರಾಕ್ಷಸನ ಕೊಂಬು ಸೇರಿಸಿ ನೀವೇ ಹೊಸದು ಮಾಡಿಕೊಳ್ಳಬಹುದು. ದೂರನ್ನು ಕಿತ್ತುಹಾಕದೆ ಅದನ್ನೇ ಆಟ ಮಾಡಿದರು. ಅಲ್ಲಿಗೆ ಶಹಭಾಸ್ ಅನ್ನಲೇಬೇಕು.

ಆದರೆ ಒಂದು ಬೆಟ್ಟ ಹತ್ತುವುದನ್ನು ಎರಡರಲ್ಲೂ ನೋಡೋಣ. ಹಳೆಯದರಲ್ಲಿ ದೂರದಲ್ಲಿ ಒಂದು ಶಿಖರ ಕಾಣುತ್ತದೆ. ಹತ್ತಲು ಶುರು ಮಾಡುತ್ತೀರಿ. ಹಸಿರು ಬಳೆಯಂಥ ಶಕ್ತಿಯ ಚಕ್ರ ಕರಗುತ್ತಾ ಬರುತ್ತದೆ. ಎಲ್ಲಿ ಚಾಚಿದ ಬಂಡೆ ಇದೆ, ಎಲ್ಲಿ ನಿಂತು ಸುಧಾರಿಸಿಕೊಳ್ಳಬಹುದು ಅಂತ ಕಣ್ಣು ಹುಡುಕುತ್ತದೆ. ಅರ್ಧ ದಾರಿಯಲ್ಲಿ ಮಳೆ. ಕೈ ಜಾರುತ್ತದೆ. ಬೈಯುತ್ತೀರಿ. ಬಂಡೆಯ ಕೆಳಗೆ ಬೆಂಕಿ ಹಾಕಿಕೊಂಡು ಮಳೆ ನಿಲ್ಲೋದನ್ನು ಕಾಯುತ್ತೀರಿ. ಕೊನೆಗೆ ತುದಿ ಮುಟ್ಟಿದಾಗ ಅದು ನಿಮ್ಮ ಬೆಟ್ಟ.

ಹೊಸದರಲ್ಲಿ ಗುಹೆಯೊಳಗೆ ಹೋಗಿ ಅಸೆಂಡ್ ಒತ್ತಿದರೆ ಮಾಡನ್ನು ತೂರಿಕೊಂಡು ಮೇಲೆ ಬರುತ್ತೀರಿ. ಇನ್ನೂ ಸುಲಭದ ದಾರಿಯನ್ನು ಆಟಗಾರರೇ ಕಂಡುಹಿಡಿದರು. ಎರಡು ಫ್ಯಾನ್, ನಡುವೆ ಒಂದು ಸ್ಟೀರಿಂಗ್ ಕೋಲು, ಅಷ್ಟೇ. ಹಾರುವ ಬೈಕ್ ಸಿದ್ಧ. ಸಾಮಾನು ಕಡಿಮೆ, ಬ್ಯಾಟರಿ ತಿನ್ನುವುದೂ ಕಡಿಮೆ. ಇದು ಎಲ್ಲರಿಗೂ ಗೊತ್ತಾದ ಮೇಲೆ ಬೇರೆ ವಾಹನ ಕಟ್ಟುವವರೇ ಕಡಿಮೆಯಾದರು. ಇಷ್ಟೆಲ್ಲ ಕಟ್ಟಬಹುದು ಅಂತ ಕೊಟ್ಟ ಗೇಮಿನಲ್ಲಿ ಜನ ಒಂದನ್ನೇ ಕಟ್ಟಿಕೊಂಡು ಎಲ್ಲದರ ಮೇಲೂ ಹಾರಿಹೋದರು. ಬೆಟ್ಟ ಕೆಳಗೆ ಉಳಿಯಿತು.

ಟಿಯರ್ಸ್ ಮುಗಿಸಿ ಬ್ರೆತ್‌ಗೆ ವಾಪಸ್ ಹೋದಾಗ ನನ್ನ ಬೆರಳು ಅಸೆಂಡ್ ಬಟನ್ನನ್ನು ಹುಡುಕಿದ್ದು ನಿಜ. ಕೋಲು ಮುರಿದಾಗ ಕಲ್ಲು ಅಂಟಿಸೋಕೆ ಕೈ ಹೋದದ್ದೂ ನಿಜ. ಆದರೆ ಆ ಲೋಕ ಮತ್ತೆ ದೊಡ್ಡದಾಗಿ ಕಂಡಿತು. ನಕ್ಷೆ ಅದೇ, ಅಳತೆ ಅದೇ. ದಾಟಲು ಹಿಡಿಯುವ ಹೊತ್ತು ಮಾತ್ರ ಬೇರೆ. ಹಾಗಂತ ಟಿಯರ್ಸ್ ಕಡಿಮೆ ಅಂತ ನಾನು ಹೇಳಲ್ಲ. ಕಟ್ಟುವ ಮನಸ್ಸಿನವರಿಗೆ ಅದರಷ್ಟು ಉದಾರವಾದ ಗೇಮ್ ಇನ್ನೊಂದಿಲ್ಲ. ಅಲೆಯುವ ಮನಸ್ಸಿನವರಿಗೆ ಹಳೆಯದೇ ಸರಿ. ನಾನು ಎರಡನೇ ಗುಂಪಿನವನು ಅಂತ ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರಬೇಕು. ಎರಡು ಸಲವೂ ಅಲೆದಾಟಕ್ಕೇ ಓಟು ಹಾಕಿದ್ದೇನೆ.

ಜೆಲ್ಡಾದ್ದೇ ಇನ್ನೊಂದು ಕಥೆ ಹೇಳಿ ಮಾತು ಮುಗಿಸುತ್ತೇನೆ. 2000ನೇ ಇಸವಿಯಲ್ಲಿ ನಿಂಟೆಂಡೊ ತನ್ನ ಸ್ಪೇಸ್‌ವರ್ಲ್ಡ್ ಪ್ರದರ್ಶನದಲ್ಲಿ ಒಂದು ತುಣುಕು ತೋರಿಸಿತು. ನಾಯಕ ಲಿಂಕ್, ಖಳ ಗ್ಯಾನನ್‌ಡಾರ್ಫ್ ಕತ್ತಿ ಹಿಡಿದು ಹೋರಾಡುತ್ತಿದ್ದಾರೆ, ನಿಜವಾದ ಮನುಷ್ಯರ ಥರ. ಹಿಂದಿನ ಜೆಲ್ಡಾ ಗೇಮ್ ‘ಒಕರಿನಾ ಆಫ್ ಟೈಮ್’ ಆಡಿದವರೆಲ್ಲ ಅದನ್ನೇ ಕನಸು ಕಂಡರು. ಮರುವರ್ಷ ನಿಜವಾದ ಗೇಮ್ ತೋರಿಸಿದಾಗ ಗುಂಡು ಮುಖ, ದೊಡ್ಡ ಕಣ್ಣು, ಕಾರ್ಟೂನ್! ‘ವಿಂಡ್ ವೇಕರ್’. ಮಕ್ಕಳಾಟ ಅಂದರು, ಮೋಸ ಅಂದರು. 2002ರ ಕೊನೆಗೆ ಜಪಾನಿನಲ್ಲಿ ಬಂತು. ಆಮೇಲೆ 2006ರಲ್ಲಿ ಅಭಿಮಾನಿಗಳು ಕೇಳಿದಂಥದ್ದೇ, ಗಂಭೀರ ಮುಖದ ‘ಟ್ವೈಲೈಟ್ ಪ್ರಿನ್ಸೆಸ್’ ಬಂತು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಿಜದ ಹಾಗೆ ಕಾಣಲು ಹೊರಟದ್ದು ಹಳೆಯದಾಗಿ ಕಾಣುತ್ತದೆ. ಕಾರ್ಟೂನ್ ಮಾತ್ರ ಹೊಚ್ಚಹೊಸದಾಗಿ ನಿಂತಿದೆ. ಕೊನೇ ಭಾಗದಲ್ಲಿ ಸಮುದ್ರದ ತಳದಿಂದ ಚೂರುಗಳನ್ನು ಎತ್ತುತ್ತಾ ಅಲೆಯೋದು ಬೇಸರ ತರಿಸುತ್ತಿತ್ತು, ಆ ದೂರು ನ್ಯಾಯವಾದದ್ದೇ. 2013ರ ಎಚ್‌ಡಿ ರೂಪದಲ್ಲಿ ಅದನ್ನು ಸಡಿಲ ಮಾಡಿದರು. ಆದರೆ ಆಗ ಜನ ಕೂಗಾಡಿದ್ದು ಬೇಸರದ ಭಾಗಕ್ಕಲ್ಲ, ಮುಖಕ್ಕೆ. ಗೇಮ್ ಕೈಗೆ ಬರುವ ಮುಂಚೆ ಕಣ್ಣಿಗೆ ಕಾಣುವುದು ಮುಖ ಒಂದೇ ತಾನೇ.

ಇನ್ನು ನಿಮ್ಮ ಪ್ರಶ್ನೆಗಳು.

*ಜಗಳವೇ ಇಲ್ಲದೆ ಎಲ್ಲರೂ ‘ಮೀರಿಸಿದೆ’ ಅಂತ ಒಪ್ಪಿದ ಸೀಕ್ವೆಲ್ ಇದೆಯಾ ಸರ್?*

ಇದೆ. ‘ಸ್ಟ್ರೀಟ್ ಫೈಟರ್ 2’. 1991ರದ್ದು. 1987ರ ಮೊದಲನೆಯದು ಇದಕ್ಕಿಂತ ಚೆನ್ನಾಗಿತ್ತು ಅನ್ನೋರನ್ನು ನಾನಂತೂ ನೋಡಿಲ್ಲ. ಕಾರಣ ಸರಳ. ಮೊದಲನೆಯದನ್ನು ಮನಸ್ಸಿಗೆ ಹಚ್ಚಿಕೊಂಡವರೇ ಕಡಿಮೆ. ಮೊದಲನೆಯದು ಅಷ್ಟಕ್ಕಷ್ಟೇ ಇದ್ದರೆ ಎರಡನೆಯದಕ್ಕೆ ದಾರಿ ಸಲೀಸು. ಮೊದಲನೆಯದು ಜನರ ಪ್ರಾಣವೇ ಆಗಿದ್ದರೆ, ಎರಡನೆಯದು ಎಷ್ಟೇ ಚೆನ್ನಾಗಿರಲಿ, ಅರ್ಧ ಜನ ಒಪ್ಪಲ್ಲ.

*‘ಹಾಫ್-ಲೈಫ್ 3’ ಬಂದರೆ?*

(ನಗು.) ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. 1998ರ ಮೊದಲನೆಯದಕ್ಕೂ 2004ರ ಎರಡನೆಯದಕ್ಕೂ ಆರು ವರ್ಷ. ಆ ಕಾಯುವಿಕೆಗೆ ಸಿಕ್ಕದ್ದು ವಸ್ತುಗಳನ್ನು ಎತ್ತಿ ಎಸೆಯುವ ಗ್ರಾವಿಟಿ ಗನ್. ಬಿದ್ದಿದ್ದ ಪೀಪಾಯಿ, ಗರಗಸದ ಚಕ್ರ ಎಲ್ಲ ಆಯುಧ ಆಗಿಬಿಟ್ಟವು. ಅದನ್ನು ಆಡಿ ಮೊದಲನೆಯದಕ್ಕೆ ವಾಪಸ್ ಹೋದರೆ, ಪೆಟ್ಟಿಗೆ ಕಂಡಲ್ಲೆಲ್ಲ ಎತ್ತಿ ಎಸೆಯಬೇಕು ಅನ್ನಿಸುತ್ತದೆ. ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್. 2007ರ ‘ಎಪಿಸೋಡ್ 2’ ಕಥೆಯನ್ನು ನಡುದಾರಿಯಲ್ಲಿ ಬಿಟ್ಟುಹೋಯಿತು. 2020ರಲ್ಲಿ ‘ಅಲಿಕ್ಸ್’ ಬಂತು, ಆದರೆ ಅದು ಎರಡನೆಯದಕ್ಕಿಂತ ಹಿಂದಿನ ಕಾಲದ ಕಥೆ, ಅದೂ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಸಾಧನಕ್ಕೆ. ಮೂರನೆಯದು ಬಂದರೆ ಅದು ಎರಡನೆಯದರ ಜೊತೆ ಅಲ್ಲ, ಅಭಿಮಾನಿಗಳು ಮನಸ್ಸಿನಲ್ಲಿ ಇಷ್ಟು ವರ್ಷ ಕಟ್ಟಿಕೊಂಡ ಮೂರನೆಯದರ ಜೊತೆ ಸೆಣಸಬೇಕು. ಮಾಡೋರ ಪಾಡು ನನಗೆ ಬೇಡಪ್ಪ.

*ಹೊಸದನ್ನೇ ಮೊದಲು ಆಡಿದವರಿಗೆ ಹಳೆಯದು ಸಪ್ಪೆ ಅನ್ನಿಸುತ್ತೆ. ಅವರ ಮಾತನ್ನು ಲೆಕ್ಕಕ್ಕೆ ತಗೋಬೇಕಾ?*

ಖಂಡಿತ ತಗೋಬೇಕು. ಅವರಿಗೆ ನೆನಪಿನ ಹಂಗು ಇಲ್ಲ. ಹಳೆಯದರಲ್ಲಿ ಅಂಚು ಹತ್ತೋಕಾಗಲ್ಲ ಅಂತ ಅವರು ಹೇಳಿದರೆ ಅದು ನಿಜವಾದ ಕೊರತೆಯೇ. ಹಳೇ ಅಭಿಮಾನಿಗಳು ಅದನ್ನು ‘ಅದೇ ಅದರ ಸೊಗಸು’ ಅಂತ ತೇಪೆ ಹಾಕುತ್ತಾರೆ. ಕೆಲವು ಸಲ ಸೊಗಸೇ. ಬಹಳ ಸಲ ಅಲ್ಲ.

*ಎರಡೂ ಆಡಿಲ್ಲ. ಹಾಲೋ ನೈಟ್, ಸಿಲ್ಕ್‌ಸಾಂಗ್, ಯಾವುದರಿಂದ ಶುರು ಮಾಡಲಿ?*

ಹಳೆಯದರಿಂದ. ಕಥೆಗೋಸ್ಕರ ಅಲ್ಲ. ಸಿಲ್ಕ್‌ಸಾಂಗ್‌ನ ಕಥೆ ಬೇರೆ ರಾಜ್ಯದ್ದು, ಹಾಗೇ ಆಡಿದರೂ ಅರ್ಥವಾಗುತ್ತದೆ. ಕೈಗೋಸ್ಕರ ಹೇಳುತ್ತಿದ್ದೇನೆ. ನಿಧಾನದ ನೈಟ್‌ನಿಂದ ಚುರುಕಿನ ಹಾರ್ನೆಟ್ ಕಡೆಗೆ ಹೋಗುವುದು ಸುಲಭ. ಉಲ್ಟಾ ಹೋದರೆ ನಾನು ಆಗ ಹೇಳಿದ ಹಿಂಸೆ. ಶುರುವಿನ ಒಂದೆರಡು ಗಂಟೆ ಒಂದೇ ಥರದ ಸುರಂಗಗಳು, ಬೇಸರ ಬರಬಹುದು, ಬಿಡಬೇಡಿ. ಇಸೆಲ್ಡಾ ಅಂಗಡಿಯಲ್ಲಿ ವೇವರ್ಡ್ ಕಂಪಾಸ್ ಸಿಗುತ್ತದೆ, ನಕ್ಷೆಯಲ್ಲಿ ನೀವೆಲ್ಲಿದ್ದೀರಿ ಅಂತ ತೋರಿಸುವುದು ಅದೇ. ಕೈಗೆ ಕಾಸು ಬಂದ ಕೂಡಲೇ ಅದನ್ನು ತಗೊಳ್ಳಿ. ಗ್ರೀನ್‌ಪಾತ್ ಮುಟ್ಟಿ ಡ್ಯಾಶ್ ಸಿಕ್ಕ ಮೇಲೂ ಹಿಡಿಸದಿದ್ದರೆ ಆರಾಮಾಗಿ ನಿಲ್ಲಿಸಿ ಸಿಲ್ಕ್‌ಸಾಂಗ್‌ಗೆ ಹೋಗಿ. ಯಾರೂ ಏನೂ ಅನ್ನಲ್ಲ. ಅಂದರೆ ನನ್ನ ಹತ್ತಿರ ಕಳಿಸಿ.